ಕೂರಿಗೆ ನೆಲ್ಲು ನನ್ನ ನಕ್ಷೆಗೆ ಸಿಗಲಿಲ್ಲ: ತುಂಗಭದ್ರಾ ಎಡದಂಡೆಯ ಅನುಭವ

ನಕ್ಷೆಯಲ್ಲಿ ನಮ್ಮ ಸೋದರಮಾವನ ಹೊಲ ಕಂದು ಬಣ್ಣದಲ್ಲಿತ್ತು. ಕಂದು ಅಂದರೆ ನಾನು ಇಟ್ಟುಕೊಂಡಿದ್ದ ಲೆಕ್ಕದಲ್ಲಿ "ಭತ್ತ ಅಲ್ಲ". ಫೋನ್ ಹಚ್ಚಿ ಕೇಳಿದೆ, "ಮಾವಾ, ಈ ಸಲ ಕಾಲುವೆ ಹೊಲಕ್ಕ ಏನ್ ಹಾಕೀರಿ?" "ನೆಲ್ಲು ಹಾಕೀವಿ, ಮೊಣಕಾಲುದ್ದ ಬಂದೈತಿ" ಅಂದರು. ನಾಲ್ಕು ಎಕರೆ ನೆಲ್ಲು ಅಲ್ಲಿ ನಿಂತಿದೆ, ನನ್ನ ನಕ್ಷೆಯಲ್ಲಿ ಒಂದು ಗುಂಟೆಯೂ ಇಲ್ಲ.

ಅದು 2024ರ ಸೆಪ್ಟೆಂಬರ್. ಆ ವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋಗಿತ್ತು. ತಾತ್ಕಾಲಿಕ ಗೇಟ್ ಕೂರಿಸುವ ತನಕ ನಮ್ಮ ಕಡೆ ಯಾರಿಗೂ ಸರಿಯಾಗಿ ನಿದ್ದೆ ಇರಲಿಲ್ಲ. ಡ್ಯಾಮಿನಲ್ಲಿ ನೀರು ಎಷ್ಟು ಉಳಿಯುತ್ತೆ, ಅಷ್ಟರಲ್ಲಿ ಎಲ್ಲೆಲ್ಲಿ ನಾಟಿ ಆಗಿದೆ, ಕಾಲುವೆ ಕೊನೆ ಭಾಗದವರ ಗತಿ ಏನು, ಬರೀ ಇವೇ ಮಾತು. ನಾನು ಬೆಂಗಳೂರಿನಲ್ಲಿ ನಕ್ಷೆ ಕೆಲಸ ಮಾಡುವವನು. ರಸ್ತೆ, ಚರಂಡಿ, ಪೈಪ್‌ಲೈನ್ ಇವುಗಳದ್ದೇ ನಕ್ಷೆ. ಊರಿನವರು ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಉಪಗ್ರಹದ ಚಿತ್ರದಲ್ಲಿ ಇರಲೇಬೇಕು ಅನ್ನಿಸಿ ಕೂತೆ. ಡ್ಯಾಮ್ ಆಮೇಲೆ ಮತ್ತೆ ತುಂಬಿತು. ಆದರೆ ನಾನು ಹಿಡಿದ ಕೆಲಸ ಬಿಡಲಿಲ್ಲ.

ಮೊದಲ ತೊಡಕು ಮೋಡ. ಯುರೋಪಿನ ಸೆಂಟಿನೆಲ್-2 ಉಪಗ್ರಹ ಐದು ದಿನಕ್ಕೊಮ್ಮೆ ನಮ್ಮ ಮೇಲೆ ಹಾದುಹೋಗುತ್ತೆ, ಹತ್ತು ಮೀಟರಿನ ಬಣ್ಣದ ಚಿತ್ರ, ಪುಕ್ಕಟೆ. ಆದರೆ ನಾಟಿ ಆಗೋದು ಜುಲೈ-ಆಗಸ್ಟ್. ಆ ಎರಡು ತಿಂಗಳು ಚಿತ್ರ ತೆಗೆದು ನೋಡಿದರೆ ಹತ್ತಿ ಹರಡಿದ ಹಾಗೆ ಬರೀ ಬಿಳಿ. ಆದ್ದರಿಂದ ರಡಾರ್‌ಗೆ ಹೋಗಲೇಬೇಕು. ಸೆಂಟಿನೆಲ್-1 ಅನ್ನೋ ರಡಾರ್ ಉಪಗ್ರಹ ತಾನೇ ಅಲೆ ಬಿಟ್ಟು, ವಾಪಸ್ ಬಂದಿದ್ದನ್ನು ಅಳೆಯುತ್ತೆ. ಸುಮಾರು ಐದೂವರೆ ಸೆಂಟಿಮೀಟರ್ ಉದ್ದದ ಅಲೆ, ಮೋಡ ಅದಕ್ಕೆ ಅಡ್ಡ ಬರಲ್ಲ. 2024ರಲ್ಲಿ ಹನ್ನೆರಡು ದಿನಕ್ಕೊಮ್ಮೆ, ಬೆಳಿಗ್ಗೆ ಆರರ ಆಸುಪಾಸಿಗೆ ನಮ್ಮ ಹೊಲಗಳ ಮೇಲೆ ಹಾಯುತ್ತಿತ್ತು.

ರಡಾರ್‌ಗೆ ಭತ್ತ ಹೇಗೆ ಕಾಣುತ್ತೆ ಅನ್ನೋದು ಒಮ್ಮೆ ಹಿಡಿತಕ್ಕೆ ಬಂದರೆ ಉಳಿದದ್ದು ಸಲೀಸು. ಕೆಸರು ಮಾಡಿ ನೀರು ನಿಲ್ಲಿಸಿದ ಮಡಿ ಕನ್ನಡಿ ಇದ್ದ ಹಾಗೆ. ಓರೆಯಾಗಿ ಬಂದ ಅಲೆ ಆಚೆ ಕಡೆಗೆ ಜಾರಿಹೋಗುತ್ತೆ, ಉಪಗ್ರಹಕ್ಕೆ ಏನೂ ವಾಪಸ್ ಬರಲ್ಲ, ಚಿತ್ರದಲ್ಲಿ ಆ ಮಡಿ ಕಪ್ಪು. ಸಸಿ ಬೇರು ಹಿಡಿದು, ತೆಂಡೆ ಒಡೆದು, ಎಲೆ ಒತ್ತಾದ ಹಾಗೆಲ್ಲಾ ಅಲೆ ಎಲೆಗಳ ನಡುವೆ ಸಿಕ್ಕಿ ಚದುರಿ ವಾಪಸ್ ಬರುತ್ತೆ, ಚಿತ್ರ ಬೆಳ್ಳಗಾಗುತ್ತಾ ಹೋಗುತ್ತೆ. ನಾನು ನೋಡಿದ್ದು ವಿಎಚ್ ಅನ್ನೋ ಪಟ್ಟಿಯನ್ನು, ಅಂದರೆ ಅಲೆ ಲಂಬವಾಗಿ ಹೋಗಿ ಅಡ್ಡವಾಗಿ ತಿರುಗಿ ಬಂದಿದ್ದು. ಎಲೆ-ಕಾಂಡಗಳ ಗೊಂದಲ ಇದ್ದಲ್ಲೇ ಅದು ಜಾಸ್ತಿ. ನಾಟಿ ಹೊತ್ತಿಗೆ ಮೈನಸ್ 22, ಮೈನಸ್ 23 ಡೆಸಿಬೆಲ್‌ಗೆ ಇಳಿದಿದ್ದು, ಎರಡು ತಿಂಗಳಲ್ಲಿ ಮೈನಸ್ 15ರ ಹತ್ತಿರ ಬರುತ್ತೆ. ಅಂಕಿ ಚಿಕ್ಕದು ಅನ್ನಿಸಬಹುದು. ಆದರೆ ಮೂರು ಡೆಸಿಬೆಲ್ ಏರಿದರೆ ವಾಪಸ್ ಬರುವ ಅಲೆ ಎರಡು ಪಟ್ಟು. ಎಂಟು ಏರಿದರೆ ಆರು ಪಟ್ಟಿಗೂ ಜಾಸ್ತಿ. ಬೇರೆ ಯಾವ ಮುಂಗಾರು ಬೆಳೆಯೂ ಇಷ್ಟು ಆಳಕ್ಕೆ ಇಳಿದು ಇಷ್ಟು ಬೇಗ ಏರಲ್ಲ.

ಅದಕ್ಕೇ ಯಾರಾದರೂ ಒಂದೇ ದಿನದ ಚಿತ್ರದಿಂದ ಭತ್ತದ ನಕ್ಷೆ ಮಾಡಿದ್ದೀನಿ ಅಂದರೆ ನಾನು ನಂಬಲ್ಲ. ಜೂನ್‌ನಿಂದ ಡಿಸೆಂಬರ್ ತನಕದ ಸಾಲು ಬೇಕು. ಗೂಗಲ್ ಅರ್ಥ್ ಎಂಜಿನ್ ಅನ್ನೋ ಆನ್‌ಲೈನ್ ವೇದಿಕೆಯಲ್ಲಿ ಅಷ್ಟೂ ಚಿತ್ರ ಮೊದಲೇ ಇವೆ, ವ್ಯಾಪಾರಕ್ಕಲ್ಲದ ಕೆಲಸಕ್ಕೆ ಕಾಸು ಕೊಡಬೇಕಿಲ್ಲ, ಇಳಿಸಿಕೊಳ್ಳುವ ಗೋಜಿಲ್ಲ. ಒಂದು ಎಚ್ಚರಿಕೆ: ಒಂದೇ ಕಕ್ಷೆಯ ಚಿತ್ರಗಳನ್ನಷ್ಟೇ ಇಟ್ಟುಕೊಳ್ಳಿ. ಬೇರೆ ಕಕ್ಷೆಯದು ಬೆರೆತರೆ ನೋಡುವ ಕೋನ ಬದಲಾಗಿ, ಹೊಲದಲ್ಲಿ ಏನೂ ಆಗದಿದ್ದರೂ ಅಂಕಿ ಮೇಲೆ ಕೆಳಗೆ ಕುಣಿಯುತ್ತೆ.

ಗುಂಟೆ ಲೆಕ್ಕ ಬಲ್ಲವರಿಗೆ ಇನ್ನೊಂದು ಅನುಕೂಲ ಇದೆ. ಚಿತ್ರದ ಒಂದು ಚುಕ್ಕೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ನೂರು ಚದರ ಮೀಟರ್. ಒಂದು ಗುಂಟೆ ನೂರಾ ಒಂದು ಚದರ ಮೀಟರ್. ಚುಕ್ಕೆಗೊಂದು ಗುಂಟೆ, ಎಕರೆಗೆ ನಲವತ್ತು ಚುಕ್ಕೆ. ಆದರೆ ಚುಕ್ಕೆ ಗುಂಟೆಯಷ್ಟಿದ್ದರೂ ರಡಾರ್ ನಿಜಕ್ಕೂ ಬಿಡಿಸಿ ನೋಡೋದು ಸುಮಾರು ಇಪ್ಪತ್ತು ಮೀಟರನ್ನು. ಅಂದರೆ ನಾಲ್ಕು ಗುಂಟೆ. ಮೇಲಾಗಿ ಚಿತ್ರ ರವೆ ಚೆಲ್ಲಿದ ಹಾಗೆ ಕಾಳು ಕಾಳಾಗಿರುತ್ತೆ. ಆದ್ದರಿಂದ ಬದುವಿನ ಪಕ್ಕದ ಚುಕ್ಕೆಗಳನ್ನು ಬಿಟ್ಟು, ಹೊಲದ ನಡುವಿನ ಚುಕ್ಕೆಗಳ ಸರಾಸರಿ ತೆಗೆದೆ. ಅರ್ಧ ಎಕರೆಗಿಂತ ಚಿಕ್ಕ ಹೊಲದ ಬಗ್ಗೆ ನಾನು ಖಚಿತವಾಗಿ ಮಾತಾಡಲ್ಲ.

ಮೊದಲ ನಿಯಮ ಸರಳವಾಗಿ ಬರೆದೆ. ಜುಲೈಯಿಂದ ಸೆಪ್ಟೆಂಬರ್ ಮಧ್ಯದೊಳಗೆ ವಿಎಚ್ ಮೈನಸ್ 20ಕ್ಕಿಂತ ಕೆಳಗೆ ಇಳಿಯಬೇಕು, ಅಲ್ಲಿಂದ ಅರವತ್ತು ದಿನದಲ್ಲಿ ಕನಿಷ್ಠ ಐದು ಡೆಸಿಬೆಲ್ ಏರಬೇಕು. ಏರಿದರೆ ಭತ್ತ, ಏರದಿದ್ದರೆ ಕಂದು. ಈ ಏರುವ ಷರತ್ತು ಬಹಳ ಮುಖ್ಯ. ನಮ್ಮ ಎರೆ ಹೊಲ ಹರಗಿ ನುಣ್ಣಗೆ ಒಣಗಿದ್ದರೆ ರಡಾರ್‌ಗೆ ಅದೂ ಹೆಚ್ಚುಕಡಿಮೆ ಕಪ್ಪೇ. ಸವಳು-ಜವಳು ಹಿಡಿದು ನೀರು ಬಸಿಯದೆ ಬಿದ್ದ ಭೂಮಿಯೂ ಕಪ್ಪು, ಆದರೆ ಅದು ಕಪ್ಪಾಗೇ ಉಳಿಯುತ್ತೆ. ಕೆರೆಯೂ ಅಷ್ಟೇ. ಇವೆಲ್ಲಾ ಏರದೇ ಇರೋದರಿಂದ ಜರಡಿಯಲ್ಲಿ ತಾವಾಗೇ ಕೆಳಗೆ ಬಿದ್ದವು. ಕಾಲುವೆಯ ಮೇಲ್ಭಾಗದ ಗಂಗಾವತಿ, ಕಾರಟಗಿ, ಶ್ರೀರಾಮನಗರದ ಸುತ್ತ ನಕ್ಷೆ ಅಚ್ಚುಕಟ್ಟಾಗಿ ಬಂತು. ಅಲ್ಲಿಯ ಗೆಳೆಯರಿಗೆ ಕಳಿಸಿದರೆ ತಮ್ಮ ತಮ್ಮ ಮಡಿ ಗುರುತು ಹಿಡಿದು ಸರಿ ಇದೆ ಅಂದರು. ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಆಗಲೇ ಮಾವನ ಹೊಲ ಕಂದಾಗಿ ಕಂಡಿದ್ದು.

ಶನಿವಾರ ರಾತ್ರಿ ಬಸ್ ಹಿಡಿದು ಊರಿಗೆ ಹೋದೆ. ಮಾವ ಹೊಲಕ್ಕೆ ಕರೆದುಕೊಂಡು ಹೋದರು. ಗಂಗಾವತಿ ಕಡೆಯ ಮಡಿ ಹಾಗೆ ಅದು ಇರಲೇ ಇಲ್ಲ. ಭತ್ತ ಉದ್ದುದ್ದ ಸಾಲಿನಲ್ಲಿ ನಿಂತಿತ್ತು, ಜೋಳದ ಸಾಲಿನ ಹಾಗೆ. ಬಗ್ಗಿ ಎಲೆ ಸರಿಸಿ ನೋಡಿದರೆ ಸಾಲಿನ ನಡುವೆ ನೆಲ ಬಿರುಕು ಬಿಟ್ಟಿತ್ತು, ಬಿರುಕಿನಲ್ಲಿ ಬೆರಳು ಇಳಿಯುತ್ತಿತ್ತು, ಅದರ ಮೇಲೆ ಎರಡು ದಿನದ ಹಿಂದೆ ಹರಿದ ನೀರಿನ ತೆಳು ಕೆಸರು ಒಣಗಿ ಪದರ ಎದ್ದಿತ್ತು. ಜೂನ್ ಕೊನೆಯ ಮಳೆಗೆ ಟ್ರ್ಯಾಕ್ಟರ್ ಕೂರಿಗೆಯಲ್ಲಿ ಒಣಬೀಜ ಬಿತ್ತಿದ್ದು ಅದು. ಕಾಲುವೆ ನೀರು ಹೊಲ ಮುಟ್ಟೋ ಹೊತ್ತಿಗೆ ಬೆಳೆ ಆಗಲೇ ಗೇಣುದ್ದ ದಾಟಿತ್ತು. ಹಾಗಾದರೆ ಕನ್ನಡಿ ಎಲ್ಲಿಂದ ಬರಬೇಕು? ನೀರು ನಿಂತಾಗ ಎಲೆ ಇತ್ತು, ಎಲೆ ಇಲ್ಲದಾಗ ನೀರಿರಲಿಲ್ಲ. ಅಲ್ಲೇ ಬದುವಿನ ಮೇಲೆ ಕೂತು ಫೋನ್‌ನಲ್ಲಿ ಆ ಹೊಲದ ಗ್ರಾಫ್ ತೆಗೆದೆ. ಮೈನಸ್ 18ರ ಹತ್ತಿರ ಶುರುವಾಗಿ ನಿಧಾನಕ್ಕೆ ಏರಿತ್ತು. ಥೇಟ್ ಹತ್ತಿಯ ಗ್ರಾಫ್.

ಪಕ್ಕದ ಹೊಲದ ಹಿರಿಯರೊಬ್ಬರು ಬಂದು ಏನು ನೋಡಾಕತ್ತೀರಿ ಅಂದರು. ಹೇಳಿದೆ. "ತಮ್ಮಾ, ನೀರ್ ಬರ್ತಾವಂತ ಗ್ಯಾರಂಟಿ ಇದ್ರ ನಾಟಿ ಹಚ್ತೀವಿ. ಇಲ್ಲಾಂದ್ರ ಕೂರಿಗಿ. ಸಸಿ ಹಾಕಿ ನೀರ್ ಬರ್ಲಿಲ್ಲಾಂದ್ರ ಸಸೀನೂ ಹೋತು, ರೊಕ್ಕಾನೂ ಹೋತು" ಅಂದರು. ನನ್ನ ಮನಸ್ಸಿಗೆ ಬಹಳ ನಾಟಿದ್ದು ಈ ಮಾತು. ನನ್ನ ನಿಯಮ ನಿಜದಲ್ಲಿ ಹುಡುಕುತ್ತಿದ್ದದ್ದು ಭತ್ತವನ್ನಲ್ಲ, ನಾಟಿ ಕಾಲಕ್ಕೆ ಸರಿಯಾಗಿ ನೀರು ಸಿಕ್ಕವರನ್ನು. ನೀರು ತಡವಾಗಿ ಸಿಕ್ಕವರು ಭತ್ತ ಬೆಳೆದರೂ ಲೆಕ್ಕದಿಂದ ಹೊರಗೆ. ಈ ನಕ್ಷೆ ಯಾರ ಕೈಗಾದರೂ ಸಿಕ್ಕು, "ಕೊನೆ ಭಾಗದಲ್ಲಿ ಭತ್ತವೇ ಇಲ್ಲವಲ್ಲ, ನೀರು ಯಾಕೆ ಬೇಕು" ಅಂದುಬಿಟ್ಟಿದ್ದರೆ?

ಎರಡು ದಿನ ಮಾವನ ಗಾಡಿಯಲ್ಲಿ ಸುತ್ತಿ ಹೊಲ ಗುರುತು ಹಾಕಿದೆ. ರಸ್ತೆ ಬದಿಯ ಹೊಲಗಳಷ್ಟೇ ಸಾಕು ಅನ್ನೋ ಆಸೆ ಆಗುತ್ತೆ, ಮಾಡಬೇಡಿ. ರಸ್ತೆ ಬದಿಗೇ ಉಪಕಾಲುವೆ ಇರುವ ಕಡೆ ಅಲ್ಲಿಯ ಹೊಲಗಳಿಗೆ ನೀರು ಮೊದಲು ಸಿಗುತ್ತೆ, ಒಳಗಿನ ಕಥೆ ಬೇರೆ. ಇನ್ನೊಂದು, ಫೋನಿನ ಜಿಪಿಎಸ್ ಐದು-ಹತ್ತು ಮೀಟರ್ ಆಚೀಚೆ ತೋರಿಸುತ್ತೆ. ಬದುವಿನ ಮೇಲೆ ನಿಂತು ಗುರುತು ಒತ್ತಿದರೆ ಪಕ್ಕದವರ ಹೊಲಕ್ಕೆ ಬೀಳುತ್ತೆ. ನಾನು ಬದುವಿನಿಂದ ಫೋಟೋ ತೆಗೆದು, ರಾತ್ರಿ ಕ್ಯೂಜಿಐಎಸ್ ಅನ್ನೋ ನಕ್ಷೆ ತಂತ್ರಾಂಶದಲ್ಲಿ ಪ್ರತಿ ಗುರುತನ್ನೂ ಹೊಲದ ನಡುವಿಗೆ ಕೈಯಾರೆ ಸರಿಸಿದೆ. ಬೆಳೆ ಹೆಸರಿನ ಜೊತೆ ಬಿತ್ತಿದ ತಾರೀಕು, ನಾಟಿಯೋ ಕೂರಿಗೆಯೋ, ಮೊದಲ ನೀರು ಯಾವಾಗ, ಇಷ್ಟು ಕೇಳಿ ಬರೆದುಕೊಂಡೆ. ತಾರೀಕು ಕೇಳಿದರೆ "ಪಂಚಮಿ ಮುಂದ ಎಂಟ್ ದಿನ" ಅಂತಾರೆ. ಅದು ಕ್ಯಾಲೆಂಡರಿನಷ್ಟೇ ಖಚಿತ.

ಕೂರಿಗೆ ನೆಲ್ಲನ್ನು ಶುರುವಿನಲ್ಲಿ ಹಿಡಿಯಲು ಆಗದಿದ್ದರೆ ಕೊನೆಯಲ್ಲಿ ಹಿಡಿಯೋಣ ಅಂತ ಹೊರಟೆ. ಅಕ್ಟೋಬರ್ ದಾಟಿದರೆ ಮೋಡ ಸರಿಯುತ್ತೆ, ಸೆಂಟಿನೆಲ್-2 ಚಿತ್ರ ಸಿಗುತ್ತೆ. ಭತ್ತ ಇಡೀ ಹೊಲ ಒಟ್ಟಿಗೇ ಹಣ್ಣಾಗುತ್ತೆ, ಹಾರ್ವೆಸ್ಟರ್ ಬಂದರೆ ಅರ್ಧ ದಿನದಲ್ಲಿ ಹೊಲ ಖಾಲಿ. ಹಸಿರಿನ ಅಳತೆ, ಎನ್‌ಡಿವಿಐ, ನವೆಂಬರ್-ಡಿಸೆಂಬರ್‌ನಲ್ಲಿ ಗಕ್ಕನೆ ಬೀಳುತ್ತೆ. ಹತ್ತಿ ಹಾಗಲ್ಲ, ಬಿಡಿಸುತ್ತಾ ಬಿಡಿಸುತ್ತಾ ಸಂಕ್ರಾಂತಿ ತನಕ ಹಸಿರು ಎಳೆಯುತ್ತೆ. ತೊಗರಿಯೂ ನಿಂತಿರುತ್ತೆ. ಸಜ್ಜೆ ಎಷ್ಟೋ ಮೊದಲೇ ಕಟಾವಾಗಿರುತ್ತೆ. ಹಿಂಗಾರಿ ಜೋಳ ಆಗಿನ್ನೂ ಏಳುತ್ತಿರುತ್ತೆ. ಇದರ ಜೊತೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮೋಡದ ಸಂದಿನಲ್ಲಿ ಸಿಕ್ಕ ಚಿತ್ರಗಳಿಂದ ಎಲೆ-ನೆಲದ ತೇವ ತೋರುವ ಎಲ್‌ಎಸ್‌ಡಬ್ಲ್ಯುಐ ಸೇರಿಸಿದೆ. ಬೆಳೆಯ ಬುಡದಲ್ಲಿ ನೀರಿರುವ ಹೊಲ ಅಲ್ಲಿ ಒಣಹೊಲಕ್ಕಿಂತ ಎದ್ದು ಕಾಣುತ್ತೆ. ಈ ಎರಡೂ ಸೇರಿದಾಗ ಮಾವನ ಹೊಲ ಕಂದಿನಿಂದ ಹಳದಿಗೆ ಬಂತು. ಹಳದಿ ಅಂದರೆ ಕೂರಿಗೆ ನೆಲ್ಲು. ಒಂದೇ ಕೊರತೆ, ಡಿಸೆಂಬರ್ ತನಕ ಕಾಯಬೇಕು. ಆಗಸ್ಟ್‌ನಲ್ಲೇ ಉತ್ತರ ಬೇಕು ಅಂದರೆ ಹೊಲಕ್ಕೆ ಹೋಗಿ ಕೇಳೋದೊಂದೇ ದಾರಿ.

ಈಗ ನಾನು ಎಲ್ಲರಿಗೂ ಮೊದಲು ತೋರಿಸೋದು ಭತ್ತದ ನಕ್ಷೆಯನ್ನಲ್ಲ, ನಾಟಿ ತಾರೀಕಿನ ನಕ್ಷೆಯನ್ನು. ವಿಎಚ್ ಯಾವ ಚಿತ್ರದಲ್ಲಿ ಎಲ್ಲಕ್ಕಿಂತ ಕೆಳಗೆ ಇಳಿದಿದೆಯೋ ಅದೇ ನಾಟಿಯ ಹೊತ್ತು. ಹನ್ನೆರಡು ದಿನ ಹಿಂದೆಮುಂದೆ ಆಗಬಹುದು. ತಾರೀಕಿಗೊಂದು ನೀಲಿ ಬಣ್ಣ ಕೊಟ್ಟರೆ ಕಾಲುವೆಯ ನೀರು ನಡೆದ ದಾರಿ ತಾನಾಗಿ ಮೂಡುತ್ತೆ. ಎಡದಂಡೆ ಮುಖ್ಯ ಕಾಲುವೆ ಇನ್ನೂರು ಕಿಲೋಮೀಟರಿಗೂ ಉದ್ದ. ಗಂಗಾವತಿ ಕಡೆ ದಟ್ಟ ನೀಲಿ, ಸಿಂಧನೂರು ದಾಟುತ್ತಾ ತಿಳಿ, ಮಾನ್ವಿ ಹತ್ತಿರ ಚದುರಿದ ಚುಕ್ಕೆ, ಅದರಾಚೆ ಹಳದಿ. ಒಂದೇ ವಿತರಣಾ ಕಾಲುವೆಯಲ್ಲೂ ಮೇಲಿನ ತೂಬುಗಳ ಹೊಲ ಜುಲೈಗೇ ನಾಟಿ, ಕೆಳಗಿನ ತೂಬುಗಳದ್ದು ಆಗಸ್ಟ್ ಕೊನೆಗೂ ಇಲ್ಲ. ಎಡದಂಡೆಯನ್ನು ಯೋಜಿಸಿದ್ದು ಬಹುಪಾಲು ಜೋಳ, ಶೇಂಗಾ, ಹತ್ತಿಯಂಥ ಮಿತ ನೀರಾವರಿ ಬೆಳೆಗೆ. ಮೇಲ್ಭಾಗ ಭತ್ತಕ್ಕೆ ತಿರುಗಿ ದಶಕಗಳಾದವು. ಇತ್ತ 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮ್ ಹೂಳು ತುಂಬಿ ಈಗ 105ರ ಆಸುಪಾಸು ಹಿಡಿಯುತ್ತೆ. ಕೊನೆ ಭಾಗದವರು ವರ್ಷಾ ವರ್ಷಾ ಧರಣಿ ಕೂತು ಹೇಳುತ್ತಿದ್ದದ್ದೇ ಇದು. ಅವರ ಬಾಯಿಮಾತಿಗೆ ಈಗ ತಾರೀಕು ಸಿಕ್ಕಿದೆ.

ಹಾಗಂತ ಹೊಲ ಹೊಲದ ನಕ್ಷೆಯನ್ನು ನಾನು ಎಲ್ಲೂ ಹಾಕಿಲ್ಲ, ಹಾಕುವುದೂ ಇಲ್ಲ. ಸರ್ವೆ ನಂಬರ್ ಸಮೇತ "ಇಲ್ಲಿ ಮಿತ ನೀರಾವರಿ ಬಿಟ್ಟು ಭತ್ತ ಹಾಕಿದ್ದಾರೆ" ಅಂತ ತೋರಿಸಿದರೆ ಮೊದಲು ಪೆಟ್ಟು ಬೀಳೋದು ಎರಡು ಎಕರೆಯ ರೈತನಿಗೆ. ವಿತರಣಾ ಕಾಲುವೆ ಮಟ್ಟದಲ್ಲಿ ಒಟ್ಟು ಮಾಡಿದ ನಕ್ಷೆಯನ್ನಷ್ಟೇ ಮುದ್ರಿಸಿ, ಮಾವನ ಊರಿನ ನೀರು ಬಳಕೆದಾರರ ಸಂಘದವರಿಗೆ ಕೊಟ್ಟೆ. ಕಚೇರಿಗೆ ಹೋಗುವಾಗ ಅವರು ಅದನ್ನು ಜೊತೆಗೆ ಒಯ್ಯುತ್ತಾರೆ.

2025ರ ಜುಲೈ 30ರಂದು ಇಸ್ರೋ ಮತ್ತು ನಾಸಾ ಸೇರಿ ಮಾಡಿದ ನಿಸಾರ್ ಉಪಗ್ರಹ ಹಾರಿದೆ. ಅದರಲ್ಲಿ ಉದ್ದ ಅಲೆಯ ರಡಾರ್ ಇದೆ. ಉದ್ದ ಅಲೆ ಎಲೆ ದಾಟಿ ಬುಡದ ನೀರಿನ ತನಕ ಇಳಿಯುತ್ತೆ, ಆದ್ದರಿಂದ ಕೂರಿಗೆ ನೆಲ್ಲಿಗೆ ನೀರು ಕಟ್ಟಿದ ದಿನವನ್ನು ಅದರಲ್ಲಿ ಹುಡುಕಬೇಕು ಅಂತಿದ್ದೀನಿ. ಅದಕ್ಕೆ ಹೊಲದ ತಾರೀಕುಗಳು ಬೇಕಲ್ವಾ. ಮಾವ ಒಂದು ನೂರು ಪುಟದ ನೋಟ್‌ಬುಕ್ ತಂದು ಗೆರೆ ಹಾಕಿಟ್ಟಿದ್ದಾರೆ: ಹೊಲ, ಬಿತ್ತಿದ ದಿನ, ಮೊದಲ ನೀರು. ತಮ್ಮದಲ್ಲದೆ ಅಕ್ಕಪಕ್ಕದ ಹನ್ನೊಂದು ಹೊಲಗಳ ಹೆಸರನ್ನೂ ಆಗಲೇ ಬರೆದಿದ್ದಾರೆ.