ಅರಿಶಿನ ಪೇಪರ್‌ಗೆ ನೀರು ಬೇಡ, ಸ್ಪಿರಿಟ್ ಹಾಕಿ
6-7ನೇ ಕ್ಲಾಸ್ ಮಕ್ಕಳಿಗೆ ಸುಣ್ಣ, ಸೋಡಾದಂಥ ಕ್ಷಾರ ಪತ್ತೆ ಹಚ್ಚೋ ಅರಿಶಿನ ಪೇಪರ್ ಮಾಡಿಸೋರು ಅರಿಶಿನನ ನೀರಲ್ಲಿ ಕಲಸ್ಬೇಡಿ, ನಾಲ್ಕು ಚಮಚ ಸರ್ಜಿಕಲ್ ಸ್ಪಿರಿಟ್‌ಗೆ (ಗಾಯ ಒರೆಸೋ ಆಲ್ಕೋಹಾಲ್) ಅರ್ಧ ಚಮಚ ಹಾಕಿ ಕದಡಿ, ಗಸಿ ತಳಕ್ಕೆ ಕೂತ್ಮೇಲೆ ತಿಳಿಯಲ್ಲಿ ಫಿಲ್ಟರ್ ಪೇಪರ್ ಅದ್ದಿ ನೆರಳಲ್ಲೇ ಒಣಗಿಸಿ (ಒಲೆ ಹತ್ರ ಮಾತ್ರ ಬೇಡ, ಬೆಂಕಿ ಹತ್ಕೊಳ್ಳುತ್ತೆ). ಬಣ್ಣ ಕೊಡೋ ಕರ್ಕ್ಯುಮಿನ್ ನೀರಲ್ಲಿ ಕರಗಲ್ಲ, ಆಲ್ಕೋಹಾಲಲ್ಲಿ ಕರಗುತ್ತೆ, ಅದಕ್ಕೇ ಚುಕ್ಕೆ ಚುಕ್ಕೆ ಆಗದೆ ಒಂದೇ ಸಮ ಹಳದಿ ಬರುತ್ತೆ. ಎಲೆಗೆ ಹಚ್ಚೋ ಸುಣ್ಣದ ನೀರು ಒಂದು ಹನಿ ಬಿಟ್ರೆ ಆರತಿ ತಟ್ಟೆ ಓಕುಳಿ ಥರ ಕೆಂಪು, ಮೇಲೆ ನಿಂಬೆರಸ ಬಿಟ್ರೆ ಮತ್ತೆ ಹಳದಿ, ಆಗ ಮಕ್ಕಳ ಮುಖ ನೋಡ್ಬೇಕು! ಆದ್ರೆ ಹುಳಿ ಯಾವ್ದು ಬರೀ ನೀರು ಯಾವ್ದು ಅಂತ ಇದು ಹೇಳಲ್ಲ, ಎರಡಕ್ಕೂ ಹಳದಿನೇ, ಅದಕ್ಕೆ ದಾಸವಾಳದ ರಸದಂಥದ್ದು ಬೇಕು. ಅಡಿಗೆ ಸೋಡಾಗೂ ಅರಿಶಿನ ಪೇಪರ್ ಮೇಲೆ ಕೆಂಪು ಮಂಕಾಗೇ ಬರೋದು.