ಮಲೆನಾಡಿನ ಊರಲ್ಲೊಂದು ಕಲಾ ಪ್ರದರ್ಶನ: ಗೋಡೆ ಪರೀಕ್ಷೆಯಿಂದ ಹಿಂತಿರುಗಿಸುವ ತನಕ

ಸಾಗರ, ಸೊರಬ, ತೀರ್ಥಹಳ್ಳಿಯಂಥ ಊರಲ್ಲಿ ಈಗಿನ ಕಲಾವಿದರ ಕೆಲಸ ತೋರಿಸಲು ಬೆಂಗಳೂರಿನ ಗ್ಯಾಲರಿಯ ನಕಲು ಬೇಕಿಲ್ಲ. ಎರಡು ವರ್ಷಕ್ಕೊಮ್ಮೆಯ ಕಲಾ ಪ್ರದರ್ಶನವಾದ ಕೊಚ್ಚಿಯ ಬಿನಾಲೆ 2012ರಲ್ಲಿ ಶುರುವಾದದ್ದೇ ಫೋರ್ಟ್ ಕೊಚ್ಚಿಯ ಹಳೆಯ ವ್ಯಾಪಾರದ ಕಟ್ಟಡಗಳಲ್ಲಿ. ನಮ್ಮ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಹಳ್ಳಿಯಲ್ಲೇ ನಿಂತು ನಾಟಕ, ಸಿನಿಮಾ ತೋರಿಸಿ ಪ್ರೇಕ್ಷಕರನ್ನು ಬೆಳೆಸಿತು. ಚಿತ್ರಕಲೆಗೂ ಅದು ಸಾಧ್ಯ. ಖಾಲಿ ಬಿದ್ದ ಅಡಿಕೆ ಗೋದಾಮು, ಮಕ್ಕಳಿಲ್ಲದೆ ಮುಚ್ಚಿದ ಶಾಲೆ, ಸಮುದಾಯ ಭವನ, ಯಾವುದಾದರೂ ಆದೀತು. ಆದರೆ ಬಾಗಿಲಲ್ಲಿ ನಿಂತು “ಒಳಗೆ ಬರಬಹುದಾ?” ಎಂದು ಅನುಮಾನಿಸುವವರು ಒಳಗೆ ಬಂದು ಅರ್ಧ ಗಂಟೆ ನಿಲ್ಲುವಂತಾಗಬೇಕು. ಮುಂದಿನ ಪ್ರತಿಯೊಂದು ತೀರ್ಮಾನವನ್ನೂ ಅದಕ್ಕೆ ಹೊಂದಿಸಿಯೇ ಮಾಡಿ.

ಮೊದಲು ದಿನ ಗೊತ್ತುಮಾಡಿ. ಮಳೆಗಾಲ ಬೇಡವೇ ಬೇಡ. ಆಮೇಲೆ ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು ಎಂದು ಜನವರಿಯವರೆಗೆ ಮನೆಮಂದಿಗೆಲ್ಲ ಬಿಡುವಿಲ್ಲ. ಫೆಬ್ರವರಿ ಒಳ್ಳೆಯದು: ಹವೆ ಒಣಗಿರುತ್ತದೆ, ಪರೀಕ್ಷೆಗಳು ಇನ್ನೂ ಶುರುವಾಗಿರುವುದಿಲ್ಲ. ಸಾಗರದ ಮಾರಿಜಾತ್ರೆ ಮೂರು ವರ್ಷಕ್ಕೊಮ್ಮೆ ಬರುವುದು ಆ ಹೊತ್ತಿಗೇ, ನೋಡಿಕೊಳ್ಳಿ. ಜಾತ್ರೆ ದಿನಗಳಲ್ಲೇ ಇಟ್ಟರೆ ಜನ ಬರುತ್ತಾರೆ, ನೋಡುವುದಿಲ್ಲ. ಹತ್ತು ದಿನದ ಪ್ರದರ್ಶನದೊಳಗೆ ಊರಿನ ಸಂತೆ ದಿನ ಒಂದಾದರೂ ಬರಲಿ. ಬಾಗಿಲು ಬೆಳಿಗ್ಗೆ ಹನ್ನೊಂದಕ್ಕೆ ತೆರೆದು ಐದಕ್ಕೆ ಮುಚ್ಚಿದರೆ ದುಡಿಯುವವರು ಯಾರೂ ಬರಲಾರರು. ಮಧ್ಯಾಹ್ನ ಎರಡರಿಂದ ರಾತ್ರಿ ಎಂಟು ಸರಿ. ಕೊನೇ ಬಸ್ಸಿನ ಹೊತ್ತು ಕೇಳಿಕೊಂಡು ಇನ್ನೊಮ್ಮೆ ತಿದ್ದಿಕೊಳ್ಳಿ.

ಕಟ್ಟಡ ಒಪ್ಪಿಕೊಳ್ಳುವ ಮುಂಚೆ ಗೋಡೆ ಪರೀಕ್ಷಿಸಿ. ಒಂದು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಗೋಡೆಯೇ ಶೀತ ಹಿಡಿದಿದೆ. ಆ ಗೋಡೆಗೆ ಏನನ್ನೂ ತೂಗುಹಾಕಬೇಡಿ. ಹೊರಮೈಯಲ್ಲಿ ಹನಿಯಿದ್ದರೆ ತೇವ ಕೋಣೆಯ ಗಾಳಿಯದು, ಕಿಟಕಿ ಮತ್ತು ಫ್ಯಾನಿನಿಂದ ಸುಧಾರಿಸಬಹುದು. ಮಳೆ ಹೊಡೆಯುವ ಪಶ್ಚಿಮದ ಗೋಡೆಯನ್ನು ಮೊದಲು ನೋಡಿ. ತೇವಾಂಶ ಅಳೆಯುವ ಸಣ್ಣ ಡಿಜಿಟಲ್ ಹೈಗ್ರೋಮೀಟರ್ ಒಂದನ್ನು ಕೋಣೆಯಲ್ಲಿಡಿ. ಶೇ 45ರಿಂದ 60ರೊಳಗಿದ್ದರೆ ನೆಮ್ಮದಿ. 65 ದಾಟಿ ದಿನಗಟ್ಟಲೆ ನಿಂತರೆ ಕಾಗದಕ್ಕೆ, ಕ್ಯಾನ್ವಾಸಿನ ಬೆನ್ನಿಗೆ ಬೂಸ್ಟು ಬರುತ್ತದೆ. ಮಂಜು ಬಿದ್ದ ಬೆಳಿಗ್ಗೆ ಕಿಟಕಿ ಮುಚ್ಚಿರಲಿ, ಬಿಸಿಲೇರಿದ ಮೇಲೆ ತೆರೆಯಿರಿ, ಸಂಜೆ ಮತ್ತೆ ಮುಚ್ಚಿ.

ಮಣ್ಣಿನ ಗೋಡೆಗೆ ಮೊಳೆ ಹೊಡೆದರೆ ಗಾರೆ ಉದುರುತ್ತದೆ, ಚಿತ್ರವೂ ಬೀಳುತ್ತದೆ. ರೀಪಿನ ಚೌಕಟ್ಟು ಮಾಡಿಸಿ ಪ್ಲೈವುಡ್ ಹೊಡೆದು ಗೋಡೆಯಿಂದ ಒಂದಡಿ ಈಚೆ ನಿಲ್ಲಿಸುವುದು ವಾಸಿ: ಹಿಂದೆ ಗಾಳಿಯಾಡುತ್ತದೆ, ಗೆದ್ದಲು ಹತ್ತಿದರೆ ಕಣ್ಣಿಗೂ ಬೀಳುತ್ತದೆ. ಚಿತ್ರದ ನಡುಮಧ್ಯ ನೆಲದಿಂದ 58 ಇಂಚಿಗೆ ಬರಲಿ. ಕೊಕ್ಕೆ ಎಲ್ಲಿ ಹೊಡೆಯಬೇಕೆಂಬ ಲೆಕ್ಕ ಹೀಗೆ: 58ಕ್ಕೆ ಫ್ರೇಮಿನ ಅರ್ಧ ಎತ್ತರ ಕೂಡಿಸಿ, ಫ್ರೇಮಿನ ಬೆನ್ನಿಗೆ ಕಟ್ಟಿದ ತಂತಿಯನ್ನು ಮೇಲಕ್ಕೆ ಬಿಗಿಯಾಗಿ ಎಳೆದಾಗ ಅದಕ್ಕೂ ಫ್ರೇಮಿನ ಮೇಲಂಚಿಗೂ ಇರುವ ಅಂತರ ಕಳೆಯಿರಿ. 24 ಇಂಚಿನ ಫ್ರೇಮು, ಅಂತರ 3 ಇಂಚು ಅಂದರೆ 58 + 12 − 3, ಕೊಕ್ಕೆ 67 ಇಂಚಿಗೆ. ಶಾಲೆ ಮಕ್ಕಳೇ ಹೆಚ್ಚು ಬರುವುದಾದರೆ 58ರ ಬದಲು 52 ಇಟ್ಟುಕೊಳ್ಳಿ. ದೊಡ್ಡವರು ಸ್ವಲ್ಪ ಬಗ್ಗಿ ನೋಡುತ್ತಾರೆ, ತೊಂದರೆಯಿಲ್ಲ. ಒಂದು ಫ್ರೇಮಿಗೆ ಎರಡು ಕೊಕ್ಕೆ, ರಸಮಟ್ಟ ಇಟ್ಟು ನೋಡಿ. ಫ್ರೇಮಿನ ಹಿಂಬದಿಯಲ್ಲಿ ಕೆಳಗಿನ ಎರಡು ಮೂಲೆಗೆ ಅರ್ಧ ಇಂಚಿನ ಕಾರ್ಕ್ ಚೂರು ಅಂಟಿಸಿ.

ಜಲವರ್ಣ, ಮುದ್ರಣದ ಕೆಲಸಗಳಲ್ಲಿ ಕಾಗದ ಗಾಜಿಗೆ ತಾಗಿರಬಾರದು, ನಡುವೆ ಮೌಂಟ್ (ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟಿನ ಅಂಚು) ಇರಲೇಬೇಕು. ಇಲ್ಲದಿದ್ದರೆ ನಮ್ಮ ಹವೆಗೆ ಬಣ್ಣ ಗಾಜಿಗೇ ಅಂಟುತ್ತದೆ. ಅಂಟಿದ್ದನ್ನು ಎಳೆದು ಬಿಡಿಸಬೇಡಿ, ಹಾಗೇ ಮರಳಿಸಿ ಕಲಾವಿದರಿಗೆ ತಿಳಿಸಿ. ಈ ಕೆಲಸಗಳಿಗೆ 50 ಲಕ್ಸ್ (ಬೆಳಕಿನ ಅಳತೆ) ಬೆಳಕು ಸಾಕು, ತೈಲವರ್ಣಕ್ಕೆ 200ರವರೆಗೆ ಆಗುತ್ತದೆ. ಎಲ್‌ಇಡಿ ದೀಪವನ್ನು ಲಂಬದಿಂದ ಸುಮಾರು 30 ಡಿಗ್ರಿ ಓರೆಯಾಗಿಸಿದರೆ ಗಾಜಿನಲ್ಲಿ ದೀಪ ಕುಕ್ಕುವುದಿಲ್ಲ. ಕರೆಂಟ್ ಹೋಗುವುದು ಖಂಡಿತ. ದಾರಿ ಕಾಣುವಷ್ಟು ದೀಪಕ್ಕಾದರೂ ಇನ್ವರ್ಟರ್ ಇರಲಿ.

ಇಲ್ಲಿನ ಪ್ರದರ್ಶನದಲ್ಲಿ ಹಸೆ ಚಿತ್ತಾರ ಬಂದೇ ಬರುತ್ತದೆ, ತಪ್ಪುಗಳೂ ಅಲ್ಲೇ ಹೆಚ್ಚು. ಇದು ಗೋಡೆಯ ಮೇಲೆ ಬರೆಯುವ ಚಿತ್ರ; ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣಿನ ನೆಲೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಯಿಂದ, ಪುಂಡಿ ನಾರಿನ ಕುಂಚ ಹಿಡಿದು ಎಳೆ ಎಳೆಯಾಗಿ ಬರೆಯುತ್ತಾರೆ. ಅಕ್ಕಿಹಿಟ್ಟು ಜಿರಳೆಗೂ ಇಲಿಗೂ ಆಹಾರ: ರಾತ್ರಿ ಕೋಣೆಯಲ್ಲಿ ತಿಂಡಿ ತೀರ್ಥ ಉಳಿಸಬೇಡಿ, ಕೆಲಸಗಳನ್ನು ನೆಲದಿಂದ ಅರ್ಧ ಅಡಿ ಮೇಲಿಡಿ. ಎಣ್ಣೆ ಬಣ್ಣ ಬಳಿದ ನುಣುಪು ಗೋಡೆಯ ಮೇಲೆ ಬರೆದುಕೊಡಿ ಎಂದು ಕೇಳಬೇಡಿ, ಒಣಗಿದ ಮೇಲೆ ಹಕ್ಕಳೆ ಏಳುತ್ತದೆ. ಯಾವ ಮೈ ಬೇಕು, ಎಷ್ಟು ದಿನ ಬೇಕು ಎಂದು ಬರೆಯುವವರನ್ನೇ ಕೇಳಿ. ಭೂಮಿ ಹುಣ್ಣಿಮೆಯ ಭೂಮಣ್ಣಿ ಬುಟ್ಟಿ ಇಡುವುದಾದರೆ, ಅದು ಚರಗದ (ಭೂಮಿತಾಯಿಗೆ ಅರ್ಪಿಸುವ) ಅನ್ನ ಹೊತ್ತು ಗದ್ದೆಗೆ ಹೋಗುವ ಬುಟ್ಟಿ ಎಂದು ಚೀಟಿಯಲ್ಲಿ ಬರೆಯಿರಿ. ಬರೆದವರ ಹೆಸರು, ಊರು ಕಡ್ಡಾಯ. ಕ್ಯಾನ್ವಾಸಿನವರಿಗೆ ಹೆಸರು, ಚಿತ್ತಾರದವರಿಗೆ “ಜಾನಪದ ಕಲೆ” ಎಂಬ ಎರಡು ಪದ, ಇದು ಅವಮಾನ. ಗೌರವಧನವೂ ಇಬ್ಬರಿಗೂ ಒಂದೇ ಇರಬೇಕು.

ಚೀಟಿಯಲ್ಲಿ ಕನ್ನಡ ಮೊದಲು, ಅಕ್ಷರ 24 ಪಾಯಿಂಟಿಗೆ ಕಡಿಮೆಯಿರದಂತೆ, 60 ಪದ ಮೀರದಂತೆ. ಯಾವುದರಿಂದ ಮಾಡಿದ್ದು, ಹೇಗೆ ಮಾಡಿದ್ದು ಎಂಬುದು ಮೊದಲ ಸಾಲಿನಲ್ಲೇ ಬರಲಿ. ಅರ್ಥ ಬಿಡಿಸಿ ಹೇಳುವ ಆತುರ ಬೇಡ. ಒಳಗೆ ನಿಲ್ಲುವ ಕಾಲೇಜು ಹುಡುಗ ಹುಡುಗಿಯರಿಗೆ ಎರಡೇ ಪ್ರಶ್ನೆ ಕಲಿಸಿ: “ಇಲ್ಲಿ ಏನು ಕಾಣ್ತಾ ಇದೆ?”, “ಯಾವುದನ್ನ ನೋಡಿ ಹಾಗನ್ನಿಸ್ತು?” ಕೇಳಿದ ಮೇಲೆ ಸುಮ್ಮನಿರುವುದನ್ನೂ ಕಲಿಸಬೇಕು. ಕಷ್ಟ ಅದೇ. ಬಂದವರು ಬಾಯಿಬಿಡುವ ಮೊದಲೇ ಭಾಷಣ ಶುರುವಾದರೆ, ಕಲೆ ಓದಿದವರಿಗೆ ಮಾತ್ರ ಎಂಬ ಹಳೆಯ ಭಯ ಗಟ್ಟಿಯಾಗುತ್ತದೆ. ಒಂದು ಗುಂಪಿಗೆ 15 ಜನ, ಮೂರು ಕಲಾಕೃತಿ, 40 ನಿಮಿಷ. ಇಡೀ ಕೋಣೆ ಓಡಿಸಬೇಡಿ. ಕೂರಲು ಬೆಂಚು ಇಡಿ. ಚಪ್ಪಲಿ ಬಿಡಿಸುವುದಾದರೆ ಬಾಗಿಲಲ್ಲೇ ಹಾಗೆಂದು ಬರೆದಿರಲಿ.

ಕೆಲಸ ತರಿಸುವ ಮುಂಚೆಯೇ ಒಂದು ಹಾಳೆಯ ಒಪ್ಪಂದ ಮಾಡಿಕೊಳ್ಳಿ: ಅಳತೆ, ಬೆಲೆ, ಸಾಗಣೆ ಖರ್ಚು ಯಾರದು, ಹಾಳಾದರೆ ಯಾರು ಹೊಣೆ, ಮಾರಾಟವಾದರೆ ನಿಮ್ಮ ಪಾಲೆಷ್ಟು, ಹಿಂತಿರುಗಿಸುವ ದಿನಾಂಕ. ಬಂದ ದಿನವೇ ಮುಂದೆ, ಹಿಂದೆ, ನಾಲ್ಕು ಮೂಲೆಯ ಫೋಟೊ ತೆಗೆಯಿರಿ. ಇಳಿಸುವಾಗ ಅದೇ ಫೋಟೊ ಎದುರಿಟ್ಟು ನೋಡಿ. ಬೂಸ್ಟು ಕಂಡರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಒಳಗಿಳಿಯುತ್ತದೆ; ಅದನ್ನು ಬೇರೆ ಕೋಣೆಗೆ ಸರಿಸಿ ಕಲಾವಿದರಿಗೆ ಫೋನ್ ಮಾಡಿ. ಕಟ್ಟುವಾಗ ಮೊದಲು ಕಾಗದ, ಆಮೇಲೆ ಬಬಲ್ ರ್‍ಯಾಪ್, ಗುಳ್ಳೆ ಹೊರಮುಖವಾಗಿ. ಕಟ್ಟಿದ್ದನ್ನು ಎರಡು ಮೂರು ದಿನದೊಳಗೆ ಕಳುಹಿಸಿಬಿಡಿ, ಪ್ಲಾಸ್ಟಿಕ್ಕಿನೊಳಗೆ ಸಿಕ್ಕಿದ ತೇವ ಹೊರಗೆ ಹೋಗುವುದಿಲ್ಲ. ತಲುಪಿದ ಮೇಲೆ ಒಪ್ಪಂದದ ಹಾಳೆಯ ಹಿಂಬದಿಗೆ ಸಹಿ ತೆಗೆದುಕೊಳ್ಳಿ.