ಬೆಳಿಗ್ಗೆ ಭರತಪುರ, ಮಧ್ಯಾಹ್ನದ ಮೇಲೆ ಸಿಕ್ರಿ

ಒಂದು ರಾಷ್ಟ್ರೀಯ ಉದ್ಯಾನ, ಒಂದು ಹಳೆಯ ಪಟ್ಟಣ, ಎರಡನ್ನೂ ಒಂದೇ ದಿನದಲ್ಲಿ ಉಸಿರು ಕಟ್ಟದಂತೆ ನೋಡಬೇಕೆಂದು ಹುಡುಕಿದಾಗ ನನಗೆ ಹೊಳೆದದ್ದು ರಾಜಸ್ಥಾನದ ಭರತಪುರದ ಹಕ್ಕಿಗಳ ತಾಣ ಕೇವಲಾದೇವ ಮತ್ತು ಆಗ್ರಾ ಬಳಿಯ ಫತೇಪುರ ಸಿಕ್ರಿ. ನಡುವಿನ ದಾರಿ ಸುಮಾರು 25 ಕಿ.ಮೀ. ಹೆಚ್ಚಿನ ಪ್ರವಾಸಿಗರು ಆಗ್ರಾದಲ್ಲಿ ಉಳಿಯುತ್ತಾರೆ. ನಾನು ಭರತಪುರದಲ್ಲೇ ಕೋಣೆ ಹಿಡಿದೆ. ಉದ್ಯಾನದ ಬಾಗಿಲು ಸೂರ್ಯೋದಯಕ್ಕೇ ತೆರೆಯುತ್ತದೆ, ಹಕ್ಕಿಗಳೂ ಆಗಲೇ ಚುರುಕು. ಅರಮನೆಗಳೇನೂ ಹಾರಿಹೋಗುವುದಿಲ್ಲವಲ್ಲ!

ಹೋದದ್ದು ನವೆಂಬರಿನಲ್ಲಿ. ಇನ್ನೂ ತಡಮಾಡಿದರೆ ದಟ್ಟ ಮಂಜು ಬೆಳಗಿನ ಹೊತ್ತನ್ನೇ ನುಂಗುತ್ತದೆ. ಬಾಗಿಲಲ್ಲಿ ಸೈಕಲ್ ಬಾಡಿಗೆಗೆ ಸಿಗುತ್ತದೆ. 29 ಚದರ ಕಿ.ಮೀ.ಯ ಈ ಉದ್ಯಾನ ಪೂರ್ತಿ ಸಮತಟ್ಟು. ಆದರೂ ನಾನು ಸೈಕಲ್ ರಿಕ್ಷಾ ಹತ್ತಿದೆ. ಇಲ್ಲಿನ ರಿಕ್ಷಾದವರಿಗೆ ಹಕ್ಕಿಗಳ ಪರಿಚಯ ಚೆನ್ನಾಗಿದೆ. ಮರದ ಪೊಟರೆಯಲ್ಲಿ ತೊಗಟೆಯ ಬಣ್ಣದಲ್ಲೇ ಕರಗಿ ಕೂತಿದ್ದ ಹಾಲಕ್ಕಿ ಗೂಬೆಗಳ ಜೋಡಿಯನ್ನು ತೋರಿಸಿದ್ದು ಅವರೇ, ನಾನಾಗಿದ್ದರೆ ದಾಟಿಹೋಗುತ್ತಿದ್ದೆ. ಮುಂದೆ ಬಣ್ಣದ ಕೊಕ್ಕರೆಗಳ ಗೂಡುಗಳು, ಮರಿಗಳ ಗಲಾಟೆ.

ಇದು ತಾನಾಗಿ ಆದ ಜೌಗಲ್ಲ. ಹದಿನೆಂಟನೇ ಶತಮಾನದಲ್ಲಿ ಭರತಪುರದ ರಾಜ ಸೂರಜ್‌ಮಲ್ ಕಟ್ಟಿಸಿದ ಅಜಾನ್ ಒಡ್ಡಿನಿಂದ ನೀರು ನಿಂತಿತು, ಹಕ್ಕಿಗಳು ಬಂದವು, ಅವುಗಳ ಹಿಂದೆಯೇ ಬಂದೂಕುಗಳೂ ಬಂದವು. ಶಿವನ ಗುಡಿಯ ಬಳಿಯ ಕಲ್ಲಿನ ಮೇಲೆ ಬೇಟೆಯ ಲೆಕ್ಕ ಕೆತ್ತಿದ್ದಾರೆ: 1938ರ ನವೆಂಬರಿನ ಒಂದೇ ದಿನ 4,273 ಹಕ್ಕಿಗಳು. ಅದನ್ನು ಹೆಮ್ಮೆಯಿಂದ ಕೆತ್ತಿಸಿದವರ ಮನಸ್ಸು ನನಗಂತೂ ಅರ್ಥವಾಗಲಿಲ್ಲ. ಚಳಿಗಾಲ ಕಳೆಯಲು ಬರುತ್ತಿದ್ದ ಸೈಬೀರಿಯಾದ ಕೊಕ್ಕರೆಗಳು 2002ರ ಬಳಿಕ ಇತ್ತ ಸುಳಿದಿಲ್ಲ.

ಬಿಸಿಲೇರಿದ ಮೇಲೆ ಹೊರಟು, ಊಟ ಮುಗಿಸಿ, ಸಿಕ್ರಿಯ ಅರಮನೆಗಳನ್ನು ಮೊದಲು ನೋಡಿದೆ. ಅಕ್ಬರ್ 1571ರ ಹೊತ್ತಿಗೆ ಕಟ್ಟಲಾರಂಭಿಸಿ, 1585ರಲ್ಲಿ ಲಾಹೋರಿಗೆ ಹೊರಟುಹೋದ ಊರು. ನೀರಿಲ್ಲದೆ ಬಿಟ್ಟರು ಎಂದು ಮಾರ್ಗದರ್ಶಕರೆಲ್ಲ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಅಕ್ಬರನನ್ನು ಲಾಹೋರಿಗೆ ಎಳೆದ ವಾಯವ್ಯ ಗಡಿಯ ಗಲಭೆಯನ್ನು ಯಾರೂ ಎತ್ತುವುದಿಲ್ಲ. ಖಾಸಗಿ ದರ್ಬಾರಿನ ಮಂಟಪವಾದ ದಿವಾನ್-ಎ-ಖಾಸ್‌ನ ಒಂಟಿ ಕಂಬದ ಮುಂದೆ ಸಾವಕಾಶವಾಗಿ ನಿಲ್ಲಿ; ತಲೆಯಲ್ಲಿ ಅರಳಿದ ಅದರ ಕೆತ್ತನೆಗೆ ಸಾಟಿಯಾದದ್ದು ಇಡೀ ಆವರಣದಲ್ಲಿಲ್ಲ. ಮಸೀದಿ, ಅದರ ಹೆಬ್ಬಾಗಿಲಾದ ಬುಲಂದ್ ದರ್ವಾಜಾಗಳನ್ನು ಸಂಜೆಗೆ ಉಳಿಸಿಕೊಂಡಿದ್ದೆ. ಆಗ ಅಂಗಳದ ಕಲ್ಲು ಬರಿಗಾಲನ್ನು ಸುಡುವುದಿಲ್ಲ. ಅಲ್ಲಿ ದರ್ಗಾಕ್ಕೆ ಹೊದಿಸುವ ಚಾದರ ಮಾರುವವರ ಕಾಟವಿದೆ, ಬೇಡವೆಂದು ಒಮ್ಮೆ ಗಟ್ಟಿಯಾಗಿ ಹೇಳಿದರೆ ಸಾಕು.

ಮರುದಿನ ತಾಜ್‌ಮಹಲಿಗೆ ಹೋಗುವ ಯೋಚನೆಯಿದ್ದರೆ ಈ ಸುತ್ತಾಟವನ್ನು ಗುರುವಾರ ಇಟ್ಟುಕೊಳ್ಳಬೇಡಿ. ಶುಕ್ರವಾರ ಅಲ್ಲಿ ಬಾಗಿಲು ಮುಚ್ಚಿರುತ್ತದೆ.